ಐರೋಲಿಯ ಕೆಸರಲ್ಲಿ ನಿವಟಿ

ಧಾರವಾಡದಿಂದ ಬಂದಿದ್ದ ಭಾವನನ್ನು ಭಾನುವಾರ ಫ್ಲೆಮಿಂಗೊ ಹಕ್ಕಿ ತೋರಿಸೋಣ ಅಂತ ನವಿ ಮುಂಬೈನ ಐರೋಲಿ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಕರ್ಕೊಂಡು ಹೋಗಿದ್ದೆ. ಒಂದೂ ಕಾಣಲಿಲ್ಲ. ನೀರು ಇಳಿದಿತ್ತು. ಕೆಸರಿನ ಮೇಲೆ ಬೆರಳುದ್ದದ ಮೀನೊಂದು ಈಜುರೆಕ್ಕೆ ಊರಿಕೊಂಡು ತೆವಳುತ್ತಿತ್ತು. ನೆತ್ತಿ ಮೇಲೆ ಎರಡು ಗುಂಡು ಕಣ್ಣು. ಇಲ್ಲಿನ ಮೀನುಗಾರರು ಇದಕ್ಕೆ ‘ನಿವಟಿ’ ಅಂತಾರೆ.

“ನೋಡಿ ಭಾವ, ನಮ್ಮ ಪೂರ್ವಜರು!” ಅಂದೆ.

“ಏ, ವಿಕಾಸವಾದ ಅಂದ್ರ ಬರೇ ಥಿಯರಿ ಅಲ್ಲೇನು?”

ಈ ಮಾತು ಎಷ್ಟು ಸಲ ಕೇಳಿದ್ದೇನೋ. ಹರಟೆಯಲ್ಲಿ ಥಿಯರಿ ಅಂದರೆ ಊಹೆ, ಸರಿ. ವಿಜ್ಞಾನದಲ್ಲಿ ಹಾಗಲ್ಲ. ಸಿಕ್ಕ ಸಾಕ್ಷಿಯನ್ನೆಲ್ಲ ಅದು ವಿವರಿಸಬೇಕು. ಸಿಗದಿರುವುದು ಎಲ್ಲಿ ಸಿಗಬಹುದು ಅಂತಲೂ ಹೇಳಬೇಕು. ತಪ್ಪಿದ್ದರೆ ಸಿಕ್ಕಿಬೀಳಬೇಕು.

ಬಸ್ಸಿಗೆ ಕಾಯುತ್ತಾ ಭಾವನಿಗೆ ಟಿಕ್ಟಾಲಿಕ್ ಅನ್ನೋ ಪಳೆಯುಳಿಕೆಯ ಕಥೆ ಹೇಳಿದೆ. ಮೀನಿಗೂ ಕಾಲಿರುವ ಪ್ರಾಣಿಗೂ ನಡುವಿನದ್ದು ಬೇಕಿದ್ದರೆ ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಯಲ್ಲಿ ಹುಡುಕಬೇಕು ಅಂತ ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ತಂಡದ ಲೆಕ್ಕ. ಅಂಥ ಬಂಡೆ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿತ್ತು. ವರ್ಷಗಟ್ಟಲೆ ಅಲೆದರು. 2004ರಲ್ಲಿ ಸಿಕ್ಕೇಬಿಟ್ಟಿತು. ಮೀನಿನ ಹುರುಪೆ, ಮೀನಿಗಿಲ್ಲದ ಕುತ್ತಿಗೆ, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ! ಸುಮ್ನೆ ಊಹೆಯಾಗಿದ್ದರೆ ಇಷ್ಟು ಕರಾರುವಾಕ್ಕಾಗಿ ಸಿಗುತ್ತಿತ್ತಾ?

ಭಾವ ತಲೆದೂಗಿದರು. ನಾನು ಬೀಗಿದೆ.

ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ನಿವಟಿ ನಮ್ಮ ಪೂರ್ವಜ ಅಲ್ಲವೇ ಅಲ್ಲ. ಅದರ ವಂಶ ತೀರಾ ಈಚೆಗೆ, ತನ್ನದೇ ದಾರಿಯಲ್ಲಿ ಕೆಸರಿಗೆ ಬಂದದ್ದು. ದೂರದ ದಾಯಾದಿ ಅನ್ನಬಹುದು, ಅಷ್ಟೇ.

ಭಾವನಿಗೆ ಇನ್ನೂ ಹೇಳಿಲ್ಲ.