ಲೋಹಾಚಲದ ನೀರು: ಸಂಡೂರಿಗೆ ಒಂದು ದಿನ

ಬಳ್ಳಾರಿಯಿಂದ ತೋರಣಗಲ್ಲಿನ ಮೇಲೆ ಸಂಡೂರಿಗೆ ಹೋಗುವವರು ಬೆಳಿಗ್ಗೆ ಏಳರೊಳಗೆ ಹೊರಟುಬಿಡಬೇಕು. ಹೊತ್ತೇರಿದರೆ ಅದಿರು ಲಾರಿಗಳ ಸಾಲಿನ ಹಿಂದೆ ತೆವಳುವುದೇ ಗತಿ. ಬಿಳಿ ಬಟ್ಟೆ ಬೇಡ. ಬೈಕಿನವರು ಮೂಗಿಗೆ ಟವೆಲ್ ಕಟ್ಟಲಿ. ತುಂತುರು ಬಿದ್ದಾಗ ಇನ್ನೂ ಎಚ್ಚರ: ರಸ್ತೆಯ ಕೆಂಧೂಳು ಅರೆನೆಂದು ಚಕ್ರ ಜಾರುತ್ತದೆ. ಜೋರು ಮಳೆ ತೊಳೆದುಕೊಂಡು ಹೋದರೇ ವಾಸಿ. ಗಾಂಧೀಜಿ 1934ರಲ್ಲಿ ಬಂದಾಗ ‘ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಿ’ ಅಂದರು ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಆ ತಿಂಗಳೇ ಸರಿ.

ಊರಿಂದ ಹತ್ತು-ಹನ್ನೆರಡು ಕಿ.ಮೀ. ಕಾಡುದಾರಿ ಏರಿದರೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಪಕ್ಕದಲ್ಲೇ ಕುಮಾರಸ್ವಾಮಿ. ಬಸ್ಸು ಕಡಿಮೆ, ಆಟೋದವರ ಜೊತೆ ವಾಪಸಿಗೂ ಮೊದಲೇ ಮಾತಾಡಿಕೊಳ್ಳಿ. ದಲಿತರಿಗೆ ಕುಮಾರಸ್ವಾಮಿ ಗುಡಿಯ ಬಾಗಿಲು ತೆರೆದದ್ದು 1932ರಲ್ಲಿ, ತಿರುವಾಂಕೂರಿನ 1936ರ ದೇವಾಲಯ ಪ್ರವೇಶ ಘೋಷಣೆಗಿಂತ ಮುಂಚೆ. ತಾರಕಾಸುರನ ನೆತ್ತರು ಬಿದ್ದು ಮಣ್ಣು ಕೆಂಪಾಯಿತು ಎಂಬುದು ಸ್ಥಳಪುರಾಣ. ಬೆಟ್ಟದ ಹೆಸರು ಲೋಹಾಚಲ. ಹೆಸರಿಟ್ಟವರಿಗೆ ಕಬ್ಬಿಣ ಕಾಣದೇ ಇರಲಿಲ್ಲ.

ಗುಡಿಗಿಂತ ಹೆಚ್ಚು ಹೊತ್ತು ಕೂರಬೇಕಾದ್ದು ಹರಿಶಂಕರ ತೀರ್ಥವೆಂಬ ಒರತೆಯ ಹತ್ತಿರ. ಬೆಟ್ಟದ ನೆತ್ತಿಯ ಅದಿರುಪದರ ತೂತು ತೂತು, ಸ್ಪಂಜಿನ ಹಾಗೆ. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಪದರಕ್ಕೆ ತಾಗಿ, ಬದಿಯಲ್ಲಿ ಒರತೆಯಾಗಿ ಹೊರಬರುತ್ತದೆ. ಗಣಿಗೆ ಬೇಕಾದದ್ದೂ ಅದೇ ಪದರ. ನೆತ್ತಿ ಕೆತ್ತಿದರೆ ನೀರು ನಿಲ್ಲುವ ಜಾಗವೇ ಹೋಯಿತು. ಗಣಿ ಅಗೆದು ಬೇರೆಡೆ ಸುರಿದ ಮಣ್ಣಿನ ರಾಶಿ ಮಳೆಗೆ ಕರಗಿ ನಾರಿಹಳ್ಳಕ್ಕೆ ಇಳಿಯುತ್ತದೆ. ಗಿಡ ನೆಟ್ಟೆವು ಎಂಬ ಗಣಿಯವರ ಬೋರ್ಡು ಹೋದ ಒರತೆಗೆ ಉತ್ತರವಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತ್ತು. ಆಮೇಲೆ ಮಿತಿ ಹಾಕಿ ಬಿಟ್ಟಿತು. ಈಚೆಗೆ ದೇವದಾರಿ ಗಣಿಗೆ ಕೇಳಿರುವುದು ಸ್ವಾಮಿಮಲೆ ಕಾಡಿನ 401 ಹೆಕ್ಟೇರ್, ಲೆಕ್ಕದ ಪ್ರಕಾರ ಕಡಿಯಬೇಕಾದದ್ದು 99,330 ಮರ. ಕಾಡಿನ ಹೆಸರಲ್ಲೇ ಸ್ವಾಮಿ ಇದ್ದಾನೆ, ಕಡತದಲ್ಲಿ ಮಾತ್ರ ಅದು ಬ್ಲಾಕು.

ಇಳಿಯುವಾಗ ಎರಡು ಖಾಲಿ ಬಾಟಲಿ ಇಟ್ಟುಕೊಂಡಿರಿ. ಒಂದರಲ್ಲಿ ತೀರ್ಥದ ನೀರು, ಇನ್ನೊಂದರಲ್ಲಿ ಮಳೆ ಬಿದ್ದ ಮಾರನೇ ದಿನದ ಹಳ್ಳದ ನೀರು. ರಾತ್ರಿ ಅಲ್ಲಾಡಿಸದೆ ಬಿಡಿ, ಬೆಳಿಗ್ಗೆ ತಳದ ಗಸಿ ನೋಡಿ.