ಹರ್-2 ವರದಿ ಕೆಡುವುದು ಮೈಕ್ರೋಸ್ಕೋಪಿಗೆ ಬರುವ ಮೊದಲೇ

ಸ್ತನ ಕ್ಯಾನ್ಸರಿನ ವರದಿಯಲ್ಲಿ ‘ಹರ್-2: 2+’ ಎಂದಿದ್ದರೆ, ಅಂದರೆ ಗಡ್ಡೆಯ ತುಣುಕಿಗೆ ಬಣ್ಣ ಹಿಡಿಸಿ ನೋಡಿ ಕೊಡುವ ಅಂಕಿ 2+ ಇದ್ದರೆ, ಅದು ಪಾಸಿಟಿವೂ ಅಲ್ಲ, ನೆಗೆಟಿವೂ ಅಲ್ಲ. ತೀರ್ಮಾನ ಬಾಕಿ ಇದೆ, ಜೀನಿನ ಪ್ರತಿಗಳಿಗೆ ಹೊಳೆಯುವ ಗುರುತು ಹಚ್ಚಿ ಎಣಿಸುವ ಫಿಶ್ ಪರೀಕ್ಷೆ ಆಗಲೇಬೇಕು.

ಹರ್-2 ಜೀವಕೋಶದ ಪೊರೆಯಲ್ಲಿರುವ ಪ್ರೋಟೀನು. 17ನೇ ಕ್ರೋಮೋಸೋಮಿನಲ್ಲಿರುವ ಅದರ ಜೀನಿನ ಪ್ರತಿಗಳು ಹೆಚ್ಚಿದರೆ ಪೊರೆಯ ತುಂಬ ಅದೇ ತುಂಬಿಕೊಂಡು, ಕೋಶ ಬೆಳೆಯುತ್ತಲೇ ಹೋಗುತ್ತದೆ. ಸುಮಾರು 15ರಿಂದ 20 ಶೇಕಡಾ ಸ್ತನ ಕ್ಯಾನ್ಸರುಗಳಲ್ಲಿ ಹೀಗಿರುತ್ತದೆ. ಇಂಥ ಗಡ್ಡೆ ಬೇಗ ಮರುಕಳಿಸುತ್ತದೆಂದು ಡೆನಿಸ್ ಸ್ಲೇಮನ್ ತಂಡ 1987ರಲ್ಲಿ ತೋರಿಸಿತು. 1998ರಲ್ಲಿ ಅಮೆರಿಕದಲ್ಲಿ ಹರ್-2 ಅನ್ನೇ ಗುರಿಯಿಟ್ಟು ತಡೆಯುವ ಟ್ರಾಸ್ಟುಜುಮಾಬ್ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅಂದಿನಿಂದ ಈ ಅಂಕಿಯ ಮೇಲೆ ಚಿಕಿತ್ಸೆಯೇ ನಿಂತಿದೆ.

ಆದರೆ ಅಂಕಿ ಹಾಳಾಗುವುದು ಹೆಚ್ಚಾಗಿ ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವದ ಡಬ್ಬಿಯಲ್ಲಿ. ದೇಹದಿಂದ ತೆಗೆದ ತುಣುಕು ಒಂದು ಗಂಟೆಯೊಳಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ದ್ರವ ಅಂಗಾಂಶದ ಹತ್ತು ಪಟ್ಟಾದರೂ ಇರಬೇಕು. ಉಪ್ಪುನೀರಿನಲ್ಲಿ ಹಾಕಿ ಕಳಿಸುವುದು ಶುದ್ಧ ತಪ್ಪು. ಫಾರ್ಮಲಿನ್ ಒಳಗಿಳಿಯುವುದು ಬಹಳ ನಿಧಾನ. ಇಡೀ ಸ್ತನವನ್ನು ಕೊಯ್ಯದೆ ರಾತ್ರಿಯೆಲ್ಲ ಮುಳುಗಿಸಿಟ್ಟರೆ ಹೊರಭಾಗ ಗಟ್ಟಿಯಾಗಿ, ನಡುವಿನ ಗಡ್ಡೆ ಕೊಳೆಯುತ್ತಿರುತ್ತದೆ. ಆದ್ದರಿಂದ 5ರಿಂದ 10 ಮಿಲಿಮೀಟರ್ ದಪ್ಪಕ್ಕೆ ಹೋಳು ಮಾಡಿಡಬೇಕು. ಫಾರ್ಮಲಿನ್‌ನಲ್ಲಿ ಇರಬೇಕಾದ ಅವಧಿ 6ರಿಂದ 72 ಗಂಟೆ. ಸಣ್ಣ ಬಯಾಪ್ಸಿಗೂ ಆರು ಗಂಟೆ ತಪ್ಪಿದ್ದಲ್ಲ. ಮೂಳೆಯ ಬಯಾಪ್ಸಿಯನ್ನು ಪ್ರಬಲ ಆಮ್ಲದಲ್ಲಿ ಮೆದುಮಾಡಿದರೆ ಡಿಎನ್‌ಎ ಚೂರಾಗಿ ಫಿಶ್ ಕೈಕೊಡುತ್ತದೆ. ಅಲ್ಲಿ ಮೂಳೆಯ ಸುಣ್ಣವನ್ನು ಮೆಲ್ಲಗೆ ತೆಗೆಯುವ ಇಡಿಟಿಎ ದ್ರಾವಣ ವಾಸಿ.

ಅಂಕ ಕೊಡುವಾಗ ಆಕ್ರಮಣಕಾರಿ ಕ್ಯಾನ್ಸರ್ ಕೋಶಗಳನ್ನು ಮಾತ್ರ ನೋಡಬೇಕು, ಹಾಲಿನ ನಾಳದೊಳಗೇ ಉಳಿದ ಕ್ಯಾನ್ಸರನ್ನಲ್ಲ. 10 ಶೇಕಡಾಕ್ಕಿಂತ ಹೆಚ್ಚು ಕೋಶಗಳ ಪೊರೆ ಸುತ್ತಲೂ ಗಾಢ ಕಂದು ಬಣ್ಣ ಹಿಡಿದರೆ 3+, ಅದು ಪಾಸಿಟಿವ್. ಅಷ್ಟೇ ಕೋಶಗಳಲ್ಲಿ ಸುತ್ತಲೂ ಬಣ್ಣವಿದ್ದೂ ಅದು ತೆಳು ಅಥವಾ ಮಧ್ಯಮವಾಗಿದ್ದರೆ 2+. ಪಕ್ಕದ ಆರೋಗ್ಯಕರ ನಾಳವೂ ಗಾಢವಾಗಿ ಕಂಡರೆ ಬಣ್ಣವೇ ಅತಿಯಾಗಿದೆ. ಸ್ಲೈಡ್ ಮತ್ತೆ ಮಾಡಬೇಕು. ಒಣಗಿದ ಅಂಚಿನ ಕಂದು ಬಣ್ಣವನ್ನು ನಂಬಬಾರದು. ಫಿಶ್‌ನಲ್ಲಿ ಹರ್-2 ಮತ್ತು 17ನೇ ಕ್ರೋಮೋಸೋಮಿನ ಗುರುತಿನ ಅನುಪಾತ 2.0 ಅಥವಾ ಹೆಚ್ಚು, ಜೊತೆಗೆ ಕೋಶಕ್ಕೆ ಸರಾಸರಿ 4 ಪ್ರತಿಗಳಿಗೆ ಕಡಿಮೆಯಿಲ್ಲದಿದ್ದರೆ ಪಾಸಿಟಿವ್.

ಎರಡನೇ ಅಭಿಪ್ರಾಯಕ್ಕೆ ಹೋಗುವವರು ವರದಿಯಷ್ಟೇ ಒಯ್ದರೆ ಸಾಲದು, ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕ್ ಕೇಳಿ ಪಡೆಯಿರಿ. ಕತ್ತರಿಸಿ ಆರು ವಾರ ದಾಟಿದ ಸ್ಲೈಡಿನಲ್ಲಿ ಬಣ್ಣ ಹಿಡಿಯುವ ಶಕ್ತಿ ಕುಂದುತ್ತದೆ.

‘ನೆಗೆಟಿವ್’ ಎಂದಷ್ಟೇ ಬರೆದಿದ್ದರೆ ಅಂಕಿಯನ್ನೂ ಬರೆಸಿಕೊಳ್ಳಿ. ದೇಹದ ಬೇರೆಡೆ ಹರಡಿದ ಕ್ಯಾನ್ಸರಿಗೆ, 1+ (ಮಸುಕಾದ, ಅರೆಬರೆ ಬಣ್ಣ) ಇದ್ದರೂ ಅಥವಾ 2+ ಇದ್ದು ಫಿಶ್ ನೆಗೆಟಿವ್ ಆಗಿದ್ದರೂ, ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ (ಟ್ರಾಸ್ಟುಜುಮಾಬಿಗೆ ಕೀಮೋ ಔಷಧಿ ಜೋಡಿಸಿದ್ದು) ಕೊಡುವ ದಾರಿ 2022ರಲ್ಲಿ ತೆರೆದಿದೆ.