ಐದು ಬ್ಲೇಡಿನ ಫ್ಯಾನು: 72 ಡಿಗ್ರಿ ಹೋಳು ಕೊನೆಗೂ ಕೂಡಿಕೊಂಡಿತು

ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ ಓಪನ್‌ಫೋಮ್ ನಿನ್ನೆ ರಾತ್ರಿ ಚಕಾರ ಎತ್ತದೆ ನನ್ನ ಫ್ಯಾನಿನ ಮೆಶ್ (ಜಾಗವನ್ನು ಪುಟ್ಟ ಸೆಲ್‌ಗಳಾಗಿ ಒಡೆದ ಬಲೆ) ಒಪ್ಪಿಕೊಂಡಿತು. ಐದು ಬ್ಲೇಡೂ ಒಂದೇ ಥರ, ಹಾಗಾಗಿ ಒಂದು ಬ್ಲೇಡಿನ 72 ಡಿಗ್ರಿ ಹೋಳಷ್ಟೇ ಸಾಕು; ಅದರ ಒಂದು ಬದಿಯಿಂದ ಹೊರಹೋದ ಗಾಳಿ ಇನ್ನೊಂದು ಬದಿಯಿಂದ ಒಳಬರುತ್ತದೆ. ಆ ಎರಡು ಬದಿಗಳ, ಅಂದರೆ ಸೈಕ್ಲಿಕ್ ಪ್ಯಾಚ್‌ಗಳ, ಫೇಸ್‌ಗಳೆಲ್ಲ (ಸೆಲ್‌ಗಳ ಮುಖಗಳು) ಜೋಡಿಯಾದವು. ಖುಷಿ ಹೇಳತೀರದು! ಜಾಮೆಟ್ರಿ, ಲೇಯರ್, ಟರ್ಬುಲೆನ್ಸ್ ಮಾಡೆಲ್ ಎಲ್ಲ ಮಾಮೂಲಿ, ಬಿಟ್ಟುಬಿಡುತ್ತೇನೆ. ಜೀವ ಹಿಂಡಿದ್ದು ಹೋಳಿನ ಆ ಎರಡು ಬದಿಗಳು.

ಫೇಸ್‌ನ ವಿಸ್ತೀರ್ಣ ಜೋಡಿ ಫೇಸ್‌ಗೆ ಹೊಂದುತ್ತಿಲ್ಲ, ಕ್ರಮ ತಪ್ಪಿರಬಹುದು ಎಂಬ ಅದೇ ದೂರು ಪದೇ ಪದೇ ಬರುತ್ತಿತ್ತು. ಮ್ಯಾಚ್ ಟಾಲರೆನ್ಸ್ (ಜೋಡಿ ಫೇಸ್‌ಗಳ ನಡುವೆ ಎಷ್ಟು ವ್ಯತ್ಯಾಸ ಸಹಿಸಬೇಕೆಂಬ ಮಿತಿ) ಏರಿಸಿಬಿಡಿ ಎನ್ನುವವರು ಬಹಳ. ನನಗದು ಒಪ್ಪಿಗೆಯಿಲ್ಲ: ದೂರು ನಿಲ್ಲುತ್ತದೆ, ತಪ್ಪು ಮೆಶ್‌ನಲ್ಲೇ ಉಳಿಯುತ್ತದೆ. ಸೈಕ್ಲಿಕ್ ಎಎಂಐ ಎಂಬ ಇನ್ನೊಂದು ಬಗೆಯ ಪ್ಯಾಚ್ ಹಾಕಿದರೆ ಹೊಂದದ ಫೇಸ್‌ಗಳ ನಡುವೆಯೂ ಇಂಟರ್‌ಪೊಲೇಶನ್ (ಅಕ್ಕಪಕ್ಕದ ಬೆಲೆಗಳಿಂದ ಅಂದಾಜು) ಆಗುತ್ತದೆ, ನಿಜ. ಆದರೆ ಪಕ್ಕಾ ಹೊಂದಿಸಬಹುದಾದ ಕಡೆ ಅದೇಕೆ?

ಎರಡೂ ಬದಿಗಳ ಬಿಂದುಗಳನ್ನು ಹೊರತೆಗೆದು, ಅಕ್ಷದ ಸುತ್ತ ಪ್ರತಿಯೊಂದರ ಕೋನ ಲೆಕ್ಕ ಹಾಕಿದೆ. ವ್ಯತ್ಯಾಸ 72 ಇರಬೇಕಿತ್ತು, ಬಂದದ್ದು 71.998! ದುಡ್ಡು ಕೊಟ್ಟು ತಂದ ಕ್ಯಾಡ್ ಮಾಡೆಲ್ ಅದು. ಮಾರಿದವರು ಹೋಳು ಕತ್ತರಿಸುವಾಗ ಕೋನವನ್ನು ಎಲ್ಲೋ ತುಸು ತಗ್ಗಿಸಿಬಿಟ್ಟಿದ್ದಾರೆ. ಕೇಳಿದರೆ "3ಡಿ ಪ್ರಿಂಟ್ ಮಾಡಲು ಇಷ್ಟು ಸಾಕು" ಎಂಬ ಉತ್ತರ. ಪ್ರಿಂಟರಿಗೆ ಸಾಕು, ಲೆಕ್ಕ ಹಾಕುವ ಸಾಲ್ವರಿಗೆ ಸಾಲದು. 150 ಮಿ.ಮೀ. ತ್ರಿಜ್ಯದಲ್ಲಿ ಆ 0.002 ಡಿಗ್ರಿ ಎಂದರೆ ಸುಮಾರು 5 ಮೈಕ್ರಾನ್. ಟಾಲರೆನ್ಸ್ ಇರುವುದು ಫೇಸ್‌ನ ಗಾತ್ರದ ಹತ್ತು ಸಾವಿರದಲ್ಲೊಂದು ಪಾಲು. ಬ್ಲೇಡ್ ತುದಿಯ ಹತ್ತಿರ 0.2 ಮಿ.ಮೀ. ಫೇಸ್‌ಗೆ ಅದು 0.02 ಮೈಕ್ರಾನ್. ಎಲ್ಲಿಂದೆಲ್ಲಿಗೆ!

ಹಾಗಾಗಿ ಎರಡನೇ ಬದಿಯನ್ನು ಕಿತ್ತುಹಾಕಿ, ಮೊದಲನೆಯದನ್ನೇ ತಿರುಗಿಸಿ ಹೊಸದಾಗಿ ಕಟ್ಟಿದೆ. ಮೆಶ್ ಕಟ್ಟುವ ತಂತ್ರಾಂಶ ಜಿಮೆಶ್‌ನಲ್ಲಿ ಪೀರಿಯಾಡಿಕ್ ಸರ್ಫೇಸ್ ಕೊಟ್ಟು ರೊಟೇಟ್ ಎಂದರೆ ಒಂದು ಬದಿಯ ಮೆಶ್ ಇನ್ನೊಂದಕ್ಕೆ ನಕಲಾಗುತ್ತದೆ. ಕೋನವನ್ನು ರೇಡಿಯನ್‌ನಲ್ಲಿ ಕೊಡುವಾಗ 1.2566 ಎಂದು ಬರೆಯಬೇಡಿ, 2*ಪೈ/5 ಎಂದೇ ಬರೆಯಿರಿ.

ಆದರೂ ದೂರು ನಿಲ್ಲಲಿಲ್ಲ. ಇದರ ಹಿಂದೆ ಇನ್ನೊಂದು ತಪ್ಪು ಅಡಗಿತ್ತು: ಬಿಂದುಗಳ ಫೈಲ್ 6 ಅಂಕಿಗಳಲ್ಲಿ ಬರೆಯಲ್ಪಡುತ್ತಿತ್ತು. 0.146946 ಮೀಟರ್‌ನ ಕೊನೆಯ ಅಂಕಿ ಎಂದರೆ 1 ಮೈಕ್ರಾನ್. ತಿರುಗಿಸಿದ ಬದಿಯ ನಿಖರತೆಯೆಲ್ಲ ಫೈಲ್ ಬರೆಯುವಾಗಲೇ ಸೋರಿಹೋಗುತ್ತಿತ್ತು. ರೈಟ್ ಪ್ರಿಸಿಶನ್ (ಎಷ್ಟು ಅಂಕಿ ಬರೆಯಬೇಕೆಂಬ ಸೆಟ್ಟಿಂಗ್) 12 ಮಾಡಿ ಮೆಶ್ ಮತ್ತೆ ಓಪನ್‌ಫೋಮ್‌ಗೆ ಪರಿವರ್ತಿಸಿದೆ, ಪ್ಯಾಚ್‌ಗಳನ್ನು ಜೋಡಿಸುವ ಕ್ರಿಯೇಟ್‌ಪ್ಯಾಚ್ ಓಡಿಸಿದೆ, ಮುಗಿಯಿತು.

ಸೈಕ್ಲಿಕ್ ಪ್ಯಾಚ್‌ನ ಸೆಟ್ಟಿಂಗ್‌ನಲ್ಲಿ ಟ್ರಾನ್ಸ್‌ಫಾರ್ಮ್ ರೊಟೇಶನಲ್ ಎಂದಿದೆಯೇ, ಅಕ್ಷ ಸರಿಯಿದೆಯೇ ಎಂದೂ ನೋಡಿಕೊಳ್ಳಿ. ಒತ್ತಡ ಸ್ಕೇಲಾರ್ (ದಿಕ್ಕಿಲ್ಲದ ಪ್ರಮಾಣ), ಇದ್ದ ಹಾಗೇ ದಾಟುತ್ತದೆ. ವೇಗಕ್ಕೆ ದಿಕ್ಕಿದೆ, ಅದು ಮಾತ್ರ 72 ಡಿಗ್ರಿ ತಿರುಗಿಯೇ ದಾಟಬೇಕು. ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ಹೋಳಿನ ನಕಲನ್ನು ತಿರುಗಿಸಿ ಪಕ್ಕಕ್ಕಿಟ್ಟು ನೋಡಿದೆ. ಬ್ಲೇಡಿನ ಹಿಂದಿನ ವೇಕ್ (ಕಲಕಿದ ಗಾಳಿಯ ಜಾಡು) ಗಡಿ ದಾಟುವಲ್ಲಿ ಒಂದು ಗೆರೆಯೂ ಕಾಣಲಿಲ್ಲ. ಎಷ್ಟು ಚೆಂದ!

ಮುಂದಿನದು ರಶ್ಟನ್ ಟರ್ಬೈನ್ (ತಟ್ಟೆಯ ಅಂಚಿಗೆ ನೇರ ಬ್ಲೇಡುಗಳಿರುವ ಕಲಕುವ ಚಕ್ರ) ಇರುವ ಮಿಕ್ಸಿಂಗ್ ಟ್ಯಾಂಕ್. ಬ್ಲೇಡು 6, ಹಾಗಾಗಿ 60 ಡಿಗ್ರಿ ಸಾಕು ಎನ್ನಿಸುತ್ತದೆ. ಆದರೆ ಗೋಡೆಯಲ್ಲಿ ಬ್ಯಾಫಲ್‌ಗಳು (ದ್ರವ ಸುಮ್ಮನೆ ಸುತ್ತದಂತೆ ತಡೆಯುವ ಪಟ್ಟಿಗಳು) 4. ಎರಡಕ್ಕೂ ಒಗ್ಗುವ ಹೋಳು 180 ಡಿಗ್ರಿಯದು, ಅಂದರೆ ಅರ್ಧ ಟ್ಯಾಂಕೇ ಬೇಕು. ಬದಿಗಳು ಅಕ್ಷದಲ್ಲೇ ಕೂಡುವುದರಿಂದ ಶಾಫ್ಟ್‌ನ ಕೆಳಗಿನ ಸೆಲ್‌ಗಳನ್ನು ಹೇಗೆ ಜೋಡಿಸುವುದೆಂದು ಈಗಲೇ ಕಾಗದದಲ್ಲಿ ಗೀಚುತ್ತಿದ್ದೇನೆ.